ಚಪ್ಪಟೆ ಮಸೂರಗಳು: ಒಂದು ವಿಮರ್ಶೆ

ಮಸೂರವೆಂದರೆ ಬಾಗಿದ ಮೈಯುಳ್ಳ ಗಾಜು ಎಂಬ ಕಲ್ಪನೆ ವಿದ್ಯಾರ್ಥಿದೆಸೆಯಿಂದಲೂ ನಮ್ಮ ಮನಸ್ಸಿನಲ್ಲಿ ಬೇರೂರಿದೆ. ಈಚಿನ ಸಂಶೋಧನೆಗಳು ಈ ಕಲ್ಪನೆಯನ್ನು ಅಲುಗಿಸಿವೆ. ಬೆಳಕಿನ ತರಂಗದೂರಕ್ಕಿಂತ ಕಿರಿದಾದ ಅಗಲವುಳ್ಳ ಕಂಬಗಳನ್ನು ಸಮತಟ್ಟಾದ ಗಾಜಿನ ಮೇಲೆ ಒತ್ತಾಗಿ ನಿಲ್ಲಿಸಿ, ಅವುಗಳಿಂದಲೇ ಬಿಂಬವನ್ನು ಮೂಡಿಸುವ ಚಪ್ಪಟೆ ಮಸೂರ, ಎಂದರೆ ಮೆಟಾಲೆನ್ಸ್, ಈಗ ಸಾಧ್ಯವಾಗಿದೆ. ಬಾಗಿದ ಗಾಜಿನ ಕಾಲ ಮುಗಿಯಿತೆಂಬ ಅಭಿಪ್ರಾಯವೂ ಇದರೊಡನೆ ಹಬ್ಬಿದೆ. ಈ ಅಭಿಪ್ರಾಯ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಇದರಲ್ಲಿ ಮುಖ್ಯವಾದ ಮೈಲಿಗಲ್ಲು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಫೆಡೆರಿಕೊ ಕಪಾಸೊ ಅವರ ತಂಡ 2016ರಲ್ಲಿ ಪ್ರಕಟಿಸಿದ ಪ್ರಬಂಧ. 600 ನ್ಯಾನೋಮೀಟರ್ ಎತ್ತರದ, ಉದ್ದಗಲಗಳಲ್ಲಿ ಅಸಮವಾದ ಟೈಟೇನಿಯಂ ಡೈಆಕ್ಸೈಡ್ ಕಂಬಗಳನ್ನು ಇವರು ಬೇರೆಬೇರೆ ಕೋನಗಳಿಗೆ ತಿರುಗಿಸಿ ನಿಲ್ಲಿಸಿದರು. ವೃತ್ತೀಯವಾಗಿ ಧ್ರುವೀಕೃತವಾದ ಬೆಳಕು ಹಾಯ್ದಾಗ, ಕಂಬ ಎಷ್ಟು ಕೋನ ತಿರುಗಿದೆಯೋ ಅದರ ಎರಡರಷ್ಟು ಪ್ರಾವಸ್ಥೆ ಬದಲಾಗುತ್ತದೆ. ಈ ತತ್ತ್ವದ ಮೂಲ ಎಸ್. ಪಂಚರತ್ನಂ ಅವರು ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯಿಂದ 1956ರಲ್ಲಿ ಪ್ರಕಟಿಸಿದ ಲೇಖನದಲ್ಲಿದೆಯೆಂಬುದು ನಮ್ಮ ವಿದ್ಯಾರ್ಥಿಗಳು ಅರಿತಿರಬೇಕಾದ ಸಂಗತಿ. 1984ರಲ್ಲಿ ಮೈಕೇಲ್ ಬೆರ್ರಿ ಇದಕ್ಕೆ ಸಮಾನವಾದ ತತ್ತ್ವವನ್ನು ಕ್ವಾಂಟಂ ವ್ಯವಸ್ಥೆಗಳಲ್ಲಿ ವ್ಯಾಪಕವಾಗಿ ನಿರೂಪಿಸಿದರು.

ಈ ಪ್ರಬಂಧದ ಗುಣ ನಿರ್ವಿವಾದವಾದುದು. 405, 532, 660 ನ್ಯಾನೋಮೀಟರ್ ತರಂಗದೂರಗಳಲ್ಲಿ ಕ್ರಮವಾಗಿ ಶೇಕಡ 86, 73, 66ರಷ್ಟು ಬೆಳಕು ಸಂಗಮಬಿಂದುವನ್ನು ಸೇರಿತು. ಆದರೆ ಇವು ಒಂದೇ ಮಸೂರದ ಫಲಿತಾಂಶಗಳಲ್ಲ. ಒಂದೊಂದು ಬಣ್ಣಕ್ಕೆ ಒಂದೊಂದರಂತೆ ರಚಿಸಿದ ಮೂರು ಮಸೂರಗಳವು. ಇವು ಮೂಡಿಸಿದ ಬೆಳಕಿನ ಚುಕ್ಕೆ ಪೇಟೆಯಲ್ಲಿ ದೊರೆಯುವ ಸೂಕ್ಷ್ಮದರ್ಶಕದ ಮಸೂರದ ಚುಕ್ಕೆಗಿಂತ ಚಿಕ್ಕದೆಂಬ ಮಾತು ಬಹಳ ಪ್ರಚಾರ ಪಡೆಯಿತು. ಆ ಮಸೂರವನ್ನು ಅನೇಕ ಬಣ್ಣಗಳ ಬೆಳಕಿಗಾಗಿ ರೂಪಿಸಿರುವುದೇ ಈ ವ್ಯತ್ಯಾಸಕ್ಕೆ ಕಾರಣವೆಂದು ಪ್ರಬಂಧಕಾರರೇ ಹೇಳಿದ್ದಾರೆ. ಹತ್ತು ಕೆಲಸ ಮಾಡುವವನನ್ನು ಒಂದೇ ಕೆಲಸದಲ್ಲಿ ನುರಿತವನೊಡನೆ ಆ ಒಂದು ಕೆಲಸದಲ್ಲಿಯೇ ಪಂದ್ಯಕ್ಕೆ ನಿಲ್ಲಿಸಿದಂತೆ ಇದು. ಪ್ರಬಂಧದ ಈ ಎಚ್ಚರವನ್ನು ಅದರ ಪ್ರಶಂಸಕರು ಕೈಬಿಟ್ಟರು.

ಬಣ್ಣದ ತೊಡಕು ಕೇವಲ ಕುಶಲತೆಯ ಕೊರತೆಯಿಂದ ಬಂದುದಲ್ಲ. ಸಾಮಾನ್ಯ ಚಪ್ಪಟೆ ಮಸೂರದ ಸಂಗಮದೂರ ತರಂಗದೂರಕ್ಕೆ ಸರಿಸುಮಾರು ವಿಲೋಮಾನುಪಾತದಲ್ಲಿರುತ್ತದೆ. 532 ನ್ಯಾನೋಮೀಟರ್ ಹಸಿರಿಗೆ ಅದು 100 ಮೈಕ್ರೊಮೀಟರ್ ಇದ್ದರೆ, 660ರ ಕೆಂಪಿಗೆ 81ರಷ್ಟು, 450ರ ನೀಲಿಗೆ 118ರಷ್ಟು ಆಗುತ್ತದೆ. ಒಂದೇ ಬಣ್ಣಕ್ಕೆ ಒಂದು ತರಂಗದೊಳಗಣ ವಿಳಂಬವೇ ಸಾಕು. ಪೂರ್ಣ ತರಂಗಗಳ ವ್ಯತ್ಯಾಸವನ್ನು ಅಲ್ಲಿ ಲೆಕ್ಕದಿಂದ ಬಿಡಬಹುದು. ಎಲ್ಲ ಬಣ್ಣಗಳೂ ಒಂದೆಡೆ ಸೇರಬೇಕಾದರೆ ಈ ರಿಯಾಯಿತಿ ಇಲ್ಲ. ಪೂರ್ತಿ ವಿಳಂಬವನ್ನೂ ತೆರಬೇಕು. 2 ಮಿಲಿಮೀಟರ್ ವ್ಯಾಸ, 2 ಮಿಲಿಮೀಟರ್ ಸಂಗಮದೂರವುಳ್ಳ ಮಸೂರವನ್ನು ಪರಿಗಣಿಸೋಣ. ಸಂಗಮಬಿಂದುವಿಗೆ ಅಂಚಿನ ಕಿರಣ ನಡುವಿನ ಕಿರಣಕ್ಕಿಂತ 236 ಮೈಕ್ರೊಮೀಟರ್ ಹೆಚ್ಚು ದೂರ ಸಾಗಬೇಕು. ಅಷ್ಟು ವಿಳಂಬವನ್ನು ನಡುವಿನ ಕಂಬಗಳು ಒದಗಿಸಬೇಕು. ವಕ್ರೀಭವನಾಂಕ ಸುಮಾರು 2.4 ಇರುವ, 600 ನ್ಯಾನೋಮೀಟರ್ ಎತ್ತರದ ಕಂಬ ಗಾಳಿಗಿಂತ ಹೆಚ್ಚಾಗಿ ಒದಗಿಸಬಲ್ಲ ವಿಳಂಬವಾದರೋ ಸುಮಾರು 0.84 ಮೈಕ್ರೊಮೀಟರ್ ಮಾತ್ರ. ಗಾಜಿನ ದಪ್ಪ ನಿರರ್ಥಕವಾದ ಹೊರೆಯಲ್ಲ, ಬಣ್ಣಗಳನ್ನು ಒಂದುಗೂಡಿಸಲು ತೆರುವ ಬೆಲೆ ಎಂಬುದು ಇದರಿಂದ ಸ್ಪಷ್ಟ.

ತೈವಾನ್ ಮತ್ತು ನಾನ್‌ಜಿಂಗ್‌ನ ವಿದ್ವಾಂಸರು 2018ರಲ್ಲಿ 400ರಿಂದ 660 ನ್ಯಾನೋಮೀಟರ್‌ವರೆಗಿನ ಬಣ್ಣಗಳನ್ನು ಒಂದೆಡೆ ಸೇರಿಸಿದ್ದು ನಿಜ. ಆದರೆ ಅವರ ಮಸೂರದ ವ್ಯಾಸ 50 ಮೈಕ್ರೊಮೀಟರ್, ಸಂಗಮದೂರ 235 ಮೈಕ್ರೊಮೀಟರ್; ಸರಾಸರಿ ದಕ್ಷತೆ ಶೇಕಡ 40. ಅಲ್ಲಿ ಬೇಕಾದ ವಿಳಂಬ ಸುಮಾರು 1.3 ಮೈಕ್ರೊಮೀಟರ್ ಮಾತ್ರ. ಆ ಯಶಸ್ಸು ಮೇಲಿನ ಮಿತಿಯನ್ನು ಮೀರಿದುದಲ್ಲ, ಅದಕ್ಕೆ ಒಳಪಟ್ಟುದು.

ಈ ಮಿತಿಯನ್ನು ಗಣನೆಯಿಂದ ದಾಟುವ ಪ್ರಯತ್ನವೂ ನಡೆದಿದೆ. ಪ್ರಿನ್ಸ್‌ಟನ್ ಮತ್ತು ವಾಷಿಂಗ್ಟನ್ ವಿಶ್ವವಿದ್ಯಾನಿಲಯಗಳ ತಂಡ 2021ರಲ್ಲಿ ಅರ್ಧ ಮಿಲಿಮೀಟರ್ ಅಗಲದ ಚಪ್ಪಟೆ ಮಸೂರದಿಂದ ಮಸುಕಾದ ಬಣ್ಣದ ಚಿತ್ರವನ್ನು ಪಡೆದು, ಅದನ್ನು ಕಂಪ್ಯೂಟರಿನ ನರಜಾಲದಿಂದ ತಿಳಿಗೊಳಿಸಿತು. ಫಲಿತಾಂಶವು 5,50,000 ಪಟ್ಟು ಹೆಚ್ಚು ಗಾತ್ರದ ಸಂಯುಕ್ತ ಮಸೂರಕ್ಕೆ ಸಮನೆಂದು ಹೇಳಲಾಯಿತು. ಈ ಹೋಲಿಕೆ ಮಸೂರಕ್ಕೂ ಮಸೂರಕ್ಕೂ ಸಂಬಂಧಿಸಿದ್ದು. ಚಿತ್ರಗ್ರಾಹಕ ಫಲಕ ಸುಮಾರು 1 ಮಿಲಿಮೀಟರ್ ದೂರದಲ್ಲಿಯೇ ಇರಬೇಕು. ಗಣಕಯಂತ್ರದ ಶ್ರಮ ಬೇರೆ. ಇದಕ್ಕಿಂತ ಗಂಭೀರವಾದ ಪ್ರಶ್ನೆಯೊಂದುಂಟು. ಇಂಥ ಸಾಧನ ಶರೀರದ ಒಳಭಾಗವನ್ನು ನೋಡಲು ಬಳಕೆಯಾದಾಗ, ವೈದ್ಯನಿಗೆ ಕಾಣುವ ಸಣ್ಣ ಕಲೆ ಬೆಳಕು ತಂದದ್ದೋ, ಹಿಂದೆ ಕಲಿತ ಚಿತ್ರಗಳ ಬಲದಿಂದ ಯಂತ್ರ ತುಂಬಿದ್ದೋ? ಚಿತ್ರದ ಸೊಗಸಿನಿಂದಲೇ ಈ ಪ್ರಶ್ನೆಗೆ ಉತ್ತರ ದೊರೆಯದು.

ಹೀಗೆಂದ ಮಾತ್ರಕ್ಕೆ ಚಪ್ಪಟೆ ಮಸೂರವನ್ನು ಅಲ್ಲಗಳೆದಂತಾಗದು. ಒಂದೇ ಬಣ್ಣದ ಬೆಳಕು ಸಾಕಾದ ಕಡೆ ಅದರ ಸ್ಥಾನ ಭದ್ರವಾಗಿದೆ. ಅತಿರಕ್ತ ಲೇಸರ್ ಬೆಳಕಿನಿಂದ ದೂರವನ್ನು ಅಳೆಯುವ ಸಣ್ಣ ಉಪಕರಣಗಳಲ್ಲಿ ಅದು ಬಳಕೆಯಾಗುತ್ತಿರುವುದನ್ನು ಎಸ್‌ಟಿ ಮೈಕ್ರೊಎಲೆಕ್ಟ್ರಾನಿಕ್ಸ್ 2022ರಲ್ಲಿ ಸಾರಿತು. ಕಂಪ್ಯೂಟರ್ ಚಿಪ್ಪುಗಳನ್ನು ತಯಾರಿಸುವ ವಿಧಾನದಿಂದಲೇ ಇದನ್ನೂ ತಯಾರಿಸಬಹುದಾದುದು ದೊಡ್ಡ ಅನುಕೂಲ. ಅಂತೂ ಇದು ಗಾಜಿನ ಮಸೂರದ ಉತ್ತರಾಧಿಕಾರಿಯಲ್ಲ, ಸಹೋದ್ಯೋಗಿ. ಇಂಥ ಪ್ರಬಂಧಗಳನ್ನು ಓದುವ ವಿದ್ಯಾರ್ಥಿ ವ್ಯಾಸವೆಷ್ಟು, ಎಷ್ಟು ಬಣ್ಣಗಳಿಗೆ, ಯಾವ ಧ್ರುವೀಕರಣಕ್ಕೆ, ಯಾವುದಕ್ಕೆ ಹೋಲಿಸಿದರೆ ಎಂಬ ನಾಲ್ಕು ಪ್ರಶ್ನೆಗಳನ್ನು ಮೊದಲು ಕೇಳಲಿ. ಪ್ರಶಂಸೆ ಅನಂತರ ಬರಲಿ.