ಐದು ತೀರ, ಒಂದು ಇಳಿತ

ಗೋಕರ್ಣಕ್ಕೆ ರಜೆಗೆ ಹೋಗುವವರೆಲ್ಲರ ಬಳಿ ಈಗ ಒಂದೇ ಪಟ್ಟಿ. ಊರ ಮುಂದಿನ ಕಡಲತೀರ, ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್. ಬೆಳಿಗ್ಗೆ ಹೊರಟರೆ ಕತ್ತಲಾಗುವುದರೊಳಗೆ ಐದೂ ಮುಗಿಯಬೇಕು. ಇದಕ್ಕೆ ‘ಬೀಚ್ ಟ್ರೆಕ್’ ಎಂಬ ಹೆಸರು ಬಿದ್ದು, ನಮ್ಮ ಕರಾವಳಿಯಲ್ಲಿ ಮಾಡಲೇಬೇಕಾದ ಸಂಗತಿ ಎಂಬ ಖ್ಯಾತಿಯೂ ಅಂಟಿಕೊಂಡಿದೆ. ಈ ಖ್ಯಾತಿ ಅದರ ಯೋಗ್ಯತೆಗಿಂತ ಬಹಳ ದೊಡ್ಡದು. ದಣಿವಾರಿಸಿಕೊಳ್ಳಲು ಬಂದವರನ್ನು ಈ ನಡಿಗೆ ಇನ್ನಷ್ಟು ದಣಿಸಿ ಕಳಿಸುತ್ತದೆ.

ದಾರಿ ಚೆಲುವಾಗಿದೆ, ಒಪ್ಪುತ್ತೇನೆ. ಆದರೆ ಓಂ ತೀರವನ್ನೇ ತೆಗೆದುಕೊಳ್ಳಿ. ಅದಕ್ಕೆ ಆ ಹೆಸರು ತಂದ ಆಕಾರ ಕಾಣುವುದು ಗುಡ್ಡದ ಮೇಲಿನಿಂದ. ಮರಳಿಗಿಳಿದ ಮೇಲೆ ಓಂಕಾರ ಎಲ್ಲೂ ಇಲ್ಲ; ನಡುವೆ ಬಂಡೆ ಚಾಚಿದ ಎರಡು ಬಾಗು, ಅಷ್ಟೆ. ಆದ್ದರಿಂದ ಜನ ಮೇಲೆಯೇ ಫೋಟೊ ತೆಗೆದು ಮುಗಿಸುತ್ತಾರೆ. ಕೆಳಗಿಳಿದ ಮೇಲೆ ಮಾಡಲು ಉಳಿಯುವುದು ಮುಂದಿನ ತೀರಕ್ಕೆ ಹೊರಡುವುದೊಂದೇ. ನಾನೂ ಹಾಗೆ ನಡೆದವನು. ನಾಲ್ಕನೆಯ ತೀರ ತಲುಪುವಾಗ ಜೊತೆಗಿದ್ದ ಗೆಳತಿಯ ಕಾಲು ಉಳುಕಿತು. ಬಂಡೆಯ ನೆರಳಲ್ಲಿ ಕೂತಾಗ, ಅಂದು ಬೆಳಿಗ್ಗೆ ಕಡಲು ಯಾವ ಬಣ್ಣಕ್ಕಿತ್ತು ಎಂದು ಕೇಳಿದಳು. ನನಗೆ ಹೇಳಲಾಗಲಿಲ್ಲ. ಅವಳಿಗೂ ನೆನಪಿರಲಿಲ್ಲ.

ಅದೇ ಗೋಕರ್ಣದ ಬೆನ್ನಿಗೆ ತದಡಿ ಇದೆ. ಅಲ್ಲಿ ಅಘನಾಶಿನಿ ಕಡಲು ಸೇರುತ್ತದೆ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಅಣೆಕಟ್ಟಿಲ್ಲದೆ ಹರಿದು ಬರುವ ಹೊಳೆ ಅದು. 2024ರಲ್ಲಿ ಇಲ್ಲಿನ 4,801 ಹೆಕ್ಟೇರ್ ಅಳಿವೆ, ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಪ್ರವಾಸದ ಪಟ್ಟಿಗೆ ಮಾತ್ರ ಸೇರಲಿಲ್ಲ.

ಇಲ್ಲಿ ಮಾಡಬೇಕಾದ ಕೆಲಸ ಒಂದೇ: ಇಳಿತಕ್ಕೆ ಕಾಯುವುದು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಜಾರುತ್ತದೆ. ಇವತ್ತು ಎಂಟಕ್ಕೆ ಇಳಿದ ಹೊಳೆ ನಾಳೆ ಒಂಬತ್ತರ ಹತ್ತಿರ ಇಳಿಯುತ್ತದೆ. ಎರಡು ದಿನ ಇದನ್ನು ನಂಬಿ ಕೂತರೆ ಗಡಿಯಾರ ತಾನಾಗಿ ಸಡಿಲವಾಗುತ್ತದೆ.

ನೀರು ತೊಡೆಮಟ್ಟಕ್ಕೆ ಬಂದಾಗ ಹೆಂಗಸರು ಬುಟ್ಟಿ ಹಿಡಿದು ಬಳಚು ಎಂಬ ಚಿಪ್ಪುಮೀನು ಹೆಕ್ಕಲು ಇಳಿಯುತ್ತಾರೆ. ಅವರ ಕಣ್ಣು ನೀರಿನ ಮೇಲಿರುವುದಿಲ್ಲ; ಪಕ್ಕದವಳೊಡನೆ ಮಾತು ನಡೆದೇ ಇರುತ್ತದೆ. ಹುಡುಕುವುದು ಕಾಲು. ಹೆಬ್ಬೆರಳು ಕೆಸರನ್ನು ಸ್ವಲ್ಪವೇ ಕೆದಕುತ್ತದೆ, ಗಟ್ಟಿ ಅಂಚೊಂದು ತಾಗುತ್ತದೆ, ಕಾಲು ಅಲ್ಲೇ ನಿಲ್ಲುತ್ತದೆ. ಆಮೇಲೆ ಬಗ್ಗಿ, ಕಾಲಗುಂಟ ಕೈ ಇಳಿಸಿ, ಚಿಪ್ಪೆತ್ತಿ, ನೀರಲ್ಲೇ ಅಲುಬಿ ಬುಟ್ಟಿಗೆ. ಅನುಮತಿ ಕೇಳಿ ನಾನೂ ಇಳಿದೆ. ನನಗೆ ತಾಗಿದ್ದೆಲ್ಲ ಕಲ್ಲು. ಹಿಮ್ಮಡಿ ಊರಿ ನಿಂತರೆ ಬೆರಳಿಗೆ ಏನೂ ತಿಳಿಯುವುದಿಲ್ಲವೆಂದು ಹಿರಿಯರೊಬ್ಬರು ತೋರಿಸಿಕೊಟ್ಟರು. ಭಾರವನ್ನು ಮುಂದಕ್ಕೆ ತಂದೆ. ಕೆಸರಿನಲ್ಲಿ ಮರಳು ಎಲ್ಲಿ ಶುರುವಾಗುತ್ತದೆ, ಹೊಳೆಯ ತಂಪು ಎಲ್ಲಿ ಕಡಲಿನ ಬಿಸುಪಿಗೆ ಬೆರೆಯುತ್ತದೆ ಎಂಬುದೆಲ್ಲ ಅಂಗಾಲಿಗೆ ಗೊತ್ತಾಗತೊಡಗಿತು. ಸುಮಾರು ಒಂದು ಗಂಟೆಯಲ್ಲಿ ಸಿಕ್ಕಿದ್ದು ಏಳು. ಅಷ್ಟು ಹೊತ್ತು ತಲೆಯಲ್ಲಿ ಬೇರೆ ಯೋಚನೆಯೇ ಇರಲಿಲ್ಲ. ಐದು ತೀರ ಸುತ್ತಿಯೂ ಸಿಗದ ವಿಶ್ರಾಂತಿ ಇದು.

ಅಳಿವೆಯಲ್ಲಿ ನೋಡಲು ಏನಿದೆ, ಬರೀ ಕೆಸರು ಎಂದು ಬರೆಯುವ ಪ್ರವಾಸಿ ಅಂಕಣಕಾರರಿದ್ದಾರೆ. ಅವರ ಅಳತೆಗೋಲು ಕಣ್ಣೊಂದೇ. ಉಪ್ಪುನೀರಿನ ಗಜನಿ ಗದ್ದೆಯಲ್ಲಿ ಬೆಳೆಯುವ ಕಗ್ಗ ಅಕ್ಕಿಯ ಗಂಜಿಯಾಗಲಿ, ಬಿಸಿನೀರಲ್ಲಿ ಬಾಯಿಬಿಟ್ಟ ಬಳಚಿಗೆ ಕಾಯಿತುರಿ ಬೆರೆಸಿದ ಪಲ್ಯವಾಗಲಿ, ಸಾಣಿಕಟ್ಟೆಯ ಉಪ್ಪಾಗಲಿ ಆ ಅಳತೆಗೆ ಸಿಗುವುದಿಲ್ಲ. ಇವರೊಡನೆ ನನಗೆ ಹೆಚ್ಚು ಮಾತಿಲ್ಲ.

ನನ್ನ ನಿಜವಾದ ಜಗಳ ಹೊಳೆಯನ್ನು ಪ್ರೀತಿಸುವವರ ಜೊತೆಗೇ. ಅಘನಾಶಿನಿಯ ಬಗ್ಗೆ ಬರೆಯಲೇಬೇಡಿ, ಬರೆದರೆ ಜನ ನುಗ್ಗಿ ಹಾಳುಮಾಡುತ್ತಾರೆ ಎನ್ನುತ್ತಾರೆ ಅವರು. ಆ ಭಯ ಸುಳ್ಳಲ್ಲ. ಕುಡ್ಲೆಯನ್ನು ಮೊದಲು ಕಂಡು ಈಗ ಕಂಡವರಿಗೆ ಅದು ಅರ್ಥವಾಗುತ್ತದೆ. ಆದರೆ ತದಡಿಗೆ 4,000 ಮೆಗಾವ್ಯಾಟ್‌ನ ಉಷ್ಣ ವಿದ್ಯುತ್ ಸ್ಥಾವರದ ಯೋಜನೆ ಬಂದಾಗ ಹೊಳೆಯ ಕೈಹಿಡಿದದ್ದು ಮೌನವಲ್ಲ. ಊರವರು ಎದ್ದು ನಿಂತರು. ಈ ನೀರಲ್ಲಿ ಏನೇನಿದೆ, ಅದರಿಂದ ಎಷ್ಟು ಮನೆಗಳ ಒಲೆ ಉರಿಯುತ್ತದೆ ಎಂದು ಲೆಕ್ಕ ಹಾಕಿ ಬರೆದವರು ಅವರ ಜೊತೆಗಿದ್ದರು. ಹೊರಗಿನವರಿಗೆ ಗೊತ್ತೇ ಇಲ್ಲದ ಜಾಗವನ್ನು ಖಾಲಿ ಜಾಗವೆಂದು ಕರೆಯುವುದು ಸುಲಭ. ಹಾಗಾಗಿ ಹೋಗಬೇಕು ಎನ್ನುತ್ತೇನೆ, ಗುಂಪು ಕಟ್ಟಿಕೊಂಡಲ್ಲ. ಮೋಜಿಗಾಗಿ ಬಳಚು ಹೆಕ್ಕಿ ಚೀಲ ತುಂಬಿಕೊಳ್ಳುವುದಂತೂ ಕೂಡದು. ಅದು ಇನ್ನೊಬ್ಬರ ದಿನಗೂಲಿ. ಸಿಕ್ಕಿದ್ದು ಅವರ ಬುಟ್ಟಿಗೆ ಹೋಗಬೇಕು, ತಿನ್ನಬೇಕೆನಿಸಿದರೆ ಅವರಿಂದಲೇ ಕೊಂಡು ತಿನ್ನಬೇಕು.

ಭರತದ ನೀರು ಮೊಣಕಾಲು ದಾಟಿ ಮೇಲೇರತೊಡಗಿದಾಗ ನಾವು ದಡಕ್ಕೆ ಬಂದೆವು. ನನ್ನ ಏಳನ್ನೂ ಆ ಹಿರಿಯರ ಅಂಗೈಗೆ ಹಾಕಿದೆ. ಅವರು ಒಂದೊಂದನ್ನೇ ಬೆರಳಲ್ಲಿ ಉರುಳಿಸಿ ನೋಡಿ ಐದನ್ನು ಬುಟ್ಟಿಗೆ ಹಾಕಿಕೊಂಡರು. ಎರಡು ಇನ್ನೂ ಎಳೆಯವು ಎಂದು ತಿರುಗಿ ಹೊಳೆಗೇ ಬಿಟ್ಟರು.