ಹಾನ್ಲೆಯ ಪರದೆ, ನಮ್ಮ ಕಾಂಪೌಂಡಿನ ಫೋಕಸ್ ಲೈಟ್

ಲಡಾಖ್‌ನ ಹಾನ್ಲೆ 2022ರ ಡಿಸೆಂಬರ್‌ನಲ್ಲಿ ಕತ್ತಲ ಆಗಸದ ಮೀಸಲು ಪ್ರದೇಶವಾಯಿತು. ಹೋಗಿಬಂದವರೆಲ್ಲ ಅಲ್ಲಿನ ಆಕಾಶವನ್ನು ಹಾಡಿಹೊಗಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅಲ್ಲಿನ ಮನೆಗಳ ಕಿಟಕಿ ಪರದೆ. ಸುಮಾರು 4,500 ಮೀಟರ್ ಎತ್ತರ, ಒಣಹವೆ, ವಿರಳ ಜನವಸತಿ ಇವೆಲ್ಲ ಆ ಜಾಗಕ್ಕೆ ತಾನಾಗಿ ಒದಗಿದ್ದವು. ಒಳಗಿನ ಬೆಳಕು ಹೊರಚೆಲ್ಲದಂತೆ ಪರದೆಯನ್ನು ಊರಿನವರೇ ಮಾತಾಡಿಕೊಂಡು ಎಳೆಯಬೇಕಾಯಿತು.

ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ವೀಕ್ಷಣಾಲಯ ಅಲ್ಲಿದೆ. ಅದರ 2 ಮೀಟರ್ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕೂತು ನಡೆಸುತ್ತಾರೆ. ಆ ದೂರದರ್ಶಕಕ್ಕೆ ಕತ್ತಲು ಬೇಕು, ಹಳ್ಳಿಗೆ ದೀಪ ಬೇಕು. ಈ ಎರಡೂ ಬೇಡಿಕೆಗಳನ್ನು ಮುಖಾಮುಖಿ ನಿಲ್ಲಿಸದೆ ಬಿಡಿಸಿದ್ದೇ ಹಾನ್ಲೆಯ ಹೆಚ್ಚುಗಾರಿಕೆ. ದೀಪ ಆರಿಸಿ ಎಂದು ಯಾರೂ ಹೇಳಲಿಲ್ಲ. ಹೊರಗಿನ ದೀಪಕ್ಕೆ ಮುಚ್ಚಿಗೆ ಹಾಕಿ, ಬೆಳಕು ನೆಲಕ್ಕೆ ಬೀಳಲಿ, ರಾತ್ರಿ ಗಾಡಿಯ ಹೈಬೀಮ್ ಬೇಡ ಎಂದರು. ಜೊತೆಗೆ ಸುತ್ತಲಿನ ಹಳ್ಳಿಗಳ 24 ಜನರಿಗೆ ತರಬೇತಿ ಕೊಟ್ಟು, ದೂರದರ್ಶಕ ಕೊಟ್ಟು, ಪ್ರವಾಸಿಗರಿಗೆ ಆಕಾಶ ತೋರಿಸುವ ಕೆಲಸಕ್ಕೆ ಹಚ್ಚಿದರು. ಕತ್ತಲು ಉಳಿದರೆ ಮನೆಗೆ ನಾಲ್ಕು ಕಾಸು ಬರುತ್ತದೆ ಎಂದಾದಾಗ ನಿಯಮಕ್ಕೆ ಕಾವಲು ಬೇಕಾಗುವುದಿಲ್ಲ. ಇದರ ದುರ್ಬಲ ಎಳೆಯೂ ಇಲ್ಲೇ ಇದೆ. ಆಕಾಶ ನೋಡಲು ಬರುವವರು ಹೆಚ್ಚಿದಷ್ಟೂ ಹೋಮ್‌ಸ್ಟೇ, ಗಾಡಿ, ಅಂಗಳದ ದೀಪಗಳೂ ಹೆಚ್ಚುತ್ತವೆ.

ನಗರದಲ್ಲಿ ನಮಗೆ ಪರಿಚಯವಿರುವುದು ಇನ್ನೊಂದು ಆಚರಣೆ: ಮಾರ್ಚ್ ತಿಂಗಳ ಒಂದು ಶನಿವಾರ ರಾತ್ರಿ ಎಂಟೂವರೆಯಿಂದ ಒಂಬತ್ತೂವರೆಯವರೆಗೆ ದೀಪ ಆರಿಸುವ ಅರ್ತ್ ಅವರ್. 2007ರಲ್ಲಿ ಸಿಡ್ನಿಯಲ್ಲಿ ಶುರುವಾದ ಅದರ ಉದ್ದೇಶ ಹವಾಮಾನದ ಬಗ್ಗೆ ಜನರನ್ನು ಎಚ್ಚರಿಸುವುದು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅಪಾರ್ಟ್‌ಮೆಂಟ್ ಸಂಘಗಳು ಅದನ್ನೇ ಬೆಳಕು ಮಾಲಿನ್ಯಕ್ಕೂ ಮದ್ದೆಂದುಕೊಂಡರೆ ತಪ್ಪುತ್ತವೆ. ಗಂಟೆ ಕಳೆದ ಮೇಲೆ ಅದೇ ಫೋಕಸ್ ಲೈಟ್ ಅದೇ ಓರೆಯಲ್ಲಿ ಬೆಳಗಾಗುವವರೆಗೆ ಉರಿಯುತ್ತದೆ.

ಆ ಫೋಕಸ್ ಲೈಟನ್ನು ಒಮ್ಮೆ ಹತ್ತಿರದಿಂದ ನೋಡಿ. ಗೋಡೆಗೆ ಬಡಿದ ಫಿಟ್ಟಿಂಗ್ ರಸ್ತೆಯ ಕಡೆ ಮುಖ ಎತ್ತಿರುತ್ತದೆ. ಗೇಟಿನಾಚೆ ನಿಂತರೆ ಕಣ್ಣು ಕೋರೈಸಿ ಪಕ್ಕದ ಕಂಬದ ನೆರಳಲ್ಲಿ ಯಾರಿದ್ದಾರೆಂದೇ ತಿಳಿಯದು. ಕಳ್ಳರ ಭಯಕ್ಕೆ ಹಾಕಿಸಿದ ದೀಪ ಕಳ್ಳನಿಗೇ ಕಡುಗಪ್ಪು ಮೂಲೆಯೊಂದನ್ನು ಮಾಡಿಕೊಡುತ್ತದೆ. ಅದನ್ನೇ ನೆಲಕ್ಕೆ ಬಾಗಿಸಿ, ಕಡಿಮೆ ವ್ಯಾಟಿನದು ಹಾಕಿ, ಸೆನ್ಸರ್ ಕೂರಿಸಿದರೆ ಬಂದವರ ಮುಖ ಕಾಣುತ್ತದೆ, ಎದುರುಮನೆಯ ಮಲಗುವ ಕೋಣೆಗೂ ನೆಮ್ಮದಿ.

ಬಲ್ಬಿನ ಡಬ್ಬಿಯ ಮೇಲೆ ಬೆಳಕಿನ ಛಾಯೆ ಹೇಳುವ ಅಂಕಿಯನ್ನೂ ಓದಬೇಕು. ಅಂಗಡಿಯವರು ಕೇಳದೆಯೇ ಕೈಗಿಡುವ ಬಿಳಿ ಎಲ್‌ಇಡಿ ಸಾಮಾನ್ಯವಾಗಿ 6500ಕೆ. ಅದರಲ್ಲಿ ನೀಲಿಯ ಅಂಶ ಹೆಚ್ಚು, ನೀಲಿ ಗಾಳಿಯಲ್ಲಿ ಹೆಚ್ಚು ಚದುರಿ ಆಕಾಶವನ್ನೇ ಮಬ್ಬು ಬಿಳುಪಾಗಿಸುತ್ತದೆ. ಹೊರಗಿನ ದೀಪಕ್ಕೆ 2700 ಅಥವಾ 3000ಕೆಯ ಹಳದಿ ಛಾಯೆ ಸಾಕು.

ಇದೇನು ಸಣ್ಣ ವಿಷಯ ಅನ್ನುವವರಿಗೆ 2023ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ತೋರಿಸಬೇಕು. ಹೆಚ್ಚಾಗಿ ಯುರೋಪ್, ಅಮೆರಿಕದ ಸಾಮಾನ್ಯ ಜನ ಬರಿಗಣ್ಣಲ್ಲಿ ನೋಡಿ ಕಳಿಸಿದ ಸುಮಾರು 51 ಸಾವಿರ ವರದಿಗಳ ಪ್ರಕಾರ, 2011ರಿಂದ 2022ರ ನಡುವೆ ರಾತ್ರಿಯಾಕಾಶದ ಹೊಳಪು ವರ್ಷಕ್ಕೆ ಸರಾಸರಿ ಶೇ 9.6ರಷ್ಟು ಏರಿದೆ. ಉಪಗ್ರಹಗಳ ಲೆಕ್ಕಕ್ಕಿಂತ ಇದು ಬಹಳ ಹೆಚ್ಚು. ಅಡ್ಡಡ್ಡವಾಗಿ ಚಿಮ್ಮುವ ಬೆಳಕು, ನೀಲಿ ಬೆಳಕು ಉಪಗ್ರಹಕ್ಕೆ ಸರಿಯಾಗಿ ಸಿಗುವುದಿಲ್ಲ. ನಮ್ಮ ಗೋಡೆಯ ಲೈಟು ಚಿಮ್ಮಿಸುವುದು ಅದನ್ನೇ.

ಹಾನ್ಲೆಯವರಿಗೆ ಸಿಗುವ ಪ್ರವಾಸಿಗರ ದುಡ್ಡು ಬೆಂಗಳೂರಿನ ಬಡಾವಣೆಗೆ ಸಿಗದು, ನಿಜ. ಆದರೆ ಇಲ್ಲಿ ಸಂಘದ ಕೈಯಲ್ಲಿ ಕಾಮನ್ ಏರಿಯಾದ ಕರೆಂಟ್ ಬಿಲ್ಲಿದೆ, ನಿದ್ದೆಗೆಟ್ಟ ನೆರೆಯವರ ದೂರಿದೆ. ಕೆಲಸ ಶುರುಮಾಡಲು ಇವೆರಡೂ ಗಟ್ಟಿ ಕಾರಣಗಳೇ. ಹಾಗಾಗಿ ಮುಂದಿನ ಸಭೆಯಲ್ಲಿ ಅರ್ತ್ ಅವರ್‌ನ ಮೇಣದಬತ್ತಿಯ ಖರ್ಚಿಗಿಂತ ಮೊದಲು ರಾತ್ರಿ ಹನ್ನೊಂದಕ್ಕೆ ದೀಪ ಆರಿಸುವ ಟೈಮರ್ ಬಗ್ಗೆ ಮಾತಾಗಲಿ. ಎಲೆಕ್ಟ್ರಿಷಿಯನ್ ಏಣಿ ಹತ್ತುವಾಗ ಸಂಘದವರೊಬ್ಬರು ಕೆಳಗೆ ನಿಂತಿರಬೇಕು. ದೀಪದ ಓರೆ ನಿರ್ಧಾರವಾಗುವುದು ಆ ಎರಡು ನಿಮಿಷದಲ್ಲಿ, ಆಮೇಲೆ ಬಲ್ಬ್ ಸುಡುವವರೆಗೆ ಅಲ್ಲಿಗೆ ಯಾರೂ ಹತ್ತುವುದಿಲ್ಲ.