ಶಿರಾ–ಹಿರಿಯೂರು ನಡುವೆ ಒಂದು ತಣ್ಣನೆ ಸ್ಟಾರ್ಟು

ಬೆಂಗಳೂರಿನಿಂದ ಚಿತ್ರದುರ್ಗದ ಕಡೆ ಹೊರಟವರು ಶಿರಾ ದಾಟಿದ ಮೇಲೆ ಹಿರಿಯೂರು ಬರುವವರೆಗೆ ಸಾಮಾನ್ಯವಾಗಿ ನಿದ್ದೆ ಮಾಡುತ್ತಾರೆ. ನೋಡುವುದಕ್ಕೆ ಅಲ್ಲೇನಿದೆ? ಕುರುಚಲು, ಶೇಂಗಾ ಹೊಲ, ಅಲ್ಲೊಂದು ಇಲ್ಲೊಂದು ತೆಂಗಿನ ತೋಟ, ಹೆಚ್ಚುಕಡಿಮೆ ಅರ್ಧ ದಾರಿಗೆ ಜವನಗೊಂಡನಹಳ್ಳಿ. ಸುತ್ತಲಿನವರ ಬಾಯಲ್ಲಿ ಅದು ಜೆ.ಜಿ. ಹಳ್ಳಿ. ಹೋಬಳಿ ಕೇಂದ್ರ ಎಂಬುದನ್ನು ಬಿಟ್ಟರೆ ಪ್ರವಾಸಿಗರಿಗೆ ಆ ಊರಿನ ಸುದ್ದಿ ಬೇಕಿಲ್ಲ. ಕಾರಿನ ಹುಚ್ಚು ಹತ್ತಿದವರಿಗೆ ಮಾತ್ರ ರಾಷ್ಟ್ರೀಯ ಹೆದ್ದಾರಿ 48ರ ಈ ಸುಮಾರು 40 ಕಿ.ಮೀ.ಗಿಂತ ಒಳ್ಳೆಯ ರಸ್ತೆ ಸಿಗುವುದು ಕಷ್ಟ. ಇಲ್ಲಿ ಕಾರು ತನ್ನ ಪರೀಕ್ಷೆಯನ್ನು ತಾನೇ ಬರೆದು ಮುಗಿಸುತ್ತದೆ.

ಯಾವ ಪರೀಕ್ಷೆ? ಚೆಕ್ ಲೈಟ್ ಹತ್ತಿದ ಕಾರನ್ನು ಗ್ಯಾರೇಜಿಗೆ ಒಯ್ದರೆ ಮೆಕ್ಯಾನಿಕ್ ಸ್ಟಿಯರಿಂಗ್ ಕೆಳಗಿನ ಪೋರ್ಟಿಗೆ ಸ್ಕ್ಯಾನರ್ ಚುಚ್ಚಿ, ಗುಂಡಿ ಒತ್ತಿ, “ಕ್ಲಿಯರ್ ಆಯ್ತು ಸಾರ್” ಅನ್ನುತ್ತಾನೆ. ಲೈಟು ಆರಿದ್ದು ನಿಜ. ಆದರೆ ಅದೇ ಗುಂಡಿ ಇನ್ನೊಂದು ಕೆಲಸವನ್ನೂ ಮಾಡಿರುತ್ತದೆ. ಹೊಗೆಗೆ ಸಂಬಂಧಪಟ್ಟ ಭಾಗಗಳ ಮೇಲೆ ಕಾರಿನ ಕಂಪ್ಯೂಟರು ಅಲ್ಲಿಯವರೆಗೆ ನಡೆಸಿದ್ದ ಸ್ವಯಂ ತಪಾಸಣೆಗಳ ಫಲಿತಾಂಶವೆಲ್ಲ ಹಲಗೆ ಒರೆಸಿದ ಹಾಗೆ ಹೋಗಿಬಿಡುತ್ತದೆ. ಬ್ಯಾಟರಿ ಕೇಬಲ್ ಬಿಚ್ಚಿ ಹಾಕಿದರೂ ಬಹಳಷ್ಟು ಕಾರುಗಳಲ್ಲಿ ಇದೇ ಗತಿ. ಆಕ್ಸಿಜನ್ ಸೆನ್ಸರ್, ಅದರ ಹೀಟರ್, ಕ್ಯಾಟಲಿಟಿಕ್ ಕನ್ವರ್ಟರ್, ಇಜಿಆರ್, ಹೀಗೆ ಒಂದೊಂದಕ್ಕೂ ಒಂದೊಂದು ಮಾನಿಟರ್ ಇದೆ. ಅಳಿಸಿದ ಮೇಲೆ ಅವೆಲ್ಲ ‘ಇನ್‌ಕಂಪ್ಲೀಟ್’. ಆಗ ಡ್ಯಾಶ್‌ಬೋರ್ಡ್ ಶುಭ್ರವಾಗಿದ್ದರೆ, ದೋಷವಿಲ್ಲ ಎಂದು ಕಾರು ಹೇಳುತ್ತಿದೆ ಅಂತಲ್ಲ. ಅದು ಇನ್ನೂ ನೋಡಿಯೇ ಇಲ್ಲ, ಅಷ್ಟೆ.

ಈ ಸ್ವಯಂ ತಪಾಸಣೆಯ ವ್ಯವಸ್ಥೆಗೆ ಒಬಿಡಿ-2 ಎಂದು ಹೆಸರು; ಬಿಎಸ್-4 ಕಾರುಗಳಿಗೆ 2013ರ ಏಪ್ರಿಲ್‌ನಿಂದ ಅದು ಕಡ್ಡಾಯವಾಗಿದೆ. ಅಂದರೆ ಹಳ್ಳಿ ಹಳ್ಳಿಯಲ್ಲೂ ಓಡುತ್ತಿರುವ ಕಾರುಗಳೊಳಗೆ ಈ ತಪಾಸಕರು ವರ್ಷಗಟ್ಟಲೆಯಿಂದ ಕೂತಿದ್ದಾರೆ. ಅವರನ್ನು ಮಾತಾಡಿಸುವವರೇ ಇಲ್ಲ.

ನಮ್ಮ ಎಮಿಷನ್ ಟೆಸ್ಟ್ ಕೇಂದ್ರಗಳಂತೂ ಮಾತಾಡಿಸುವುದಿಲ್ಲ. ಪೆಟ್ರೋಲ್ ಕಾರಾದರೆ ಸೈಲೆನ್ಸರ್ ಬಾಯಿಗೆ ಕೊಳವೆ ಇಟ್ಟು ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಎಷ್ಟು, ಹೈಡ್ರೋಕಾರ್ಬನ್ ಎಷ್ಟು ಎಂದು ಅಳೆಯುತ್ತಾರೆ. ಬಿಎಸ್-4 ಪೆಟ್ರೋಲ್ ಕಾರಿಗೆ ಮಿತಿ 0.3 ಶೇಕಡ ಮತ್ತು 200 ಪಿಪಿಎಂ. ಇಂಜಿನ್ನನ್ನು 2,500 ಆರ್‌ಪಿಎಂ ಆಸುಪಾಸಿಗೆ ಏರಿಸಿ ಇನ್ನೊಮ್ಮೆ ನೋಡಬೇಕು. ಆಗ ಕಾರ್ಬನ್ ಮಾನಾಕ್ಸೈಡ್ ಮಿತಿ 0.2 ಶೇಕಡ; ಲ್ಯಾಂಬ್ಡಾ, ಅಂದರೆ ಗಾಳಿ-ಇಂಧನ ಬೆರೆತ ಪ್ರಮಾಣದ ಅಳತೆ, 0.97ರಿಂದ 1.03ರೊಳಗೆ ಇರಬೇಕು. ಡೀಸೆಲ್ ಗಾಡಿಯಾದರೆ ಆಕ್ಸಿಲರೇಟರ್ ತುಳಿದು ಹೊಗೆಯ ದಟ್ಟಣೆ ಅಳೆಯುತ್ತಾರೆ. ಪಾಸಾದರೆ ಬಿಎಸ್-4, ಬಿಎಸ್-6 ಗಾಡಿಗಳಿಗೆ ಒಂದು ವರ್ಷದ ಸರ್ಟಿಫಿಕೇಟ್, ಹಳೆಯವಕ್ಕೆ ಆರು ತಿಂಗಳದ್ದು. 2021ರಿಂದ ದೇಶಕ್ಕೆಲ್ಲ ಒಂದೇ ನಮೂನೆ, ಕ್ಯೂಆರ್ ಕೋಡ್, ಫೇಲಾದರೆ ಕಾರಣ ಬರೆದುಕೊಡುವ ಚೀಟಿ. ಇಷ್ಟೆಲ್ಲ ಸುಧಾರಿಸಿದರೂ ಪೋರ್ಟಿನ ಮುಚ್ಚಳ ತೆಗೆಯುವ ಪದ್ಧತಿ ಬರಲಿಲ್ಲ. ಚೆನ್ನಾಗಿ ಕಾದ ಕನ್ವರ್ಟರ್, ದಣಿದದ್ದಾಗಿದ್ದರೂ, ನಿಂತ ಕಾರಿನ ಈ ಪರೀಕ್ಷೆಯಲ್ಲಿ ದಾಟಿಕೊಂಡುಬಿಡಬಹುದು. ರಸ್ತೆಯ ಮೇಲೆ ಅದರ ಬಣ್ಣ ಬಯಲಾಗುತ್ತದೆ.

ಕ್ಯಾಲಿಫೋರ್ನಿಯದಲ್ಲಿರುವ ನಮ್ಮವರನ್ನು ಕೇಳಿ ನೋಡಿ. ಎರಡು ವರ್ಷಕ್ಕೊಮ್ಮೆ ಬರುವ ‘ಸ್ಮಾಗ್ ಚೆಕ್’ನಲ್ಲಿ 2000ದಿಂದೀಚಿನ ಪೆಟ್ರೋಲ್ ಕಾರುಗಳ ಸೈಲೆನ್ಸರಿಗೆ ಕೊಳವೆ ಹಾಕುವುದೇ ಇಲ್ಲ, ಪೋರ್ಟಿನಿಂದಲೇ ಓದುತ್ತಾರೆ. ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಕಾಯುವ ಮಾನಿಟರ್ ಒಂದು ಬಾಕಿ ಇದ್ದರೆ ಕ್ಷಮೆ, ಬೇರೆ ಯಾವುದು ಬಾಕಿಯಿದ್ದರೂ ವಾಪಸ್. ಹಿಂದಿನ ರಾತ್ರಿ ಕೋಡ್ ಅಳಿಸಿ ಬೆಳಿಗ್ಗೆ ಹಾಜರಾಗುವ ಜಾಣತನಕ್ಕೆ ಅಲ್ಲಿ ಬೆಲೆಯಿಲ್ಲ. 2019ರ ಜುಲೈಯಿಂದ, ಸ್ಕ್ಯಾನರ್‌ನಿಂದ ಅಳಿಸಲಾಗದ ‘ಪರ್ಮನೆಂಟ್ ಕೋಡ್’ಗಳನ್ನೂ ನೋಡುತ್ತಿದ್ದಾರೆ. ಇಲ್ಲಿಗೂ ಇದು ಬರಬೇಕು ಎಂಬುದು ನನ್ನ ಅಭಿಪ್ರಾಯ. ಬರುವವರೆಗೆ ಕಾಯಬೇಕಾಗಿಲ್ಲ, ಬ್ಲೂಟೂತ್‌ನ ಒಂದು ಸಣ್ಣ ಒಬಿಡಿ ಡಾಂಗಲ್, ಫೋನಿನಲ್ಲೊಂದು ಆ್ಯಪ್ ಇದ್ದರೆ ಮನೆಯಲ್ಲೇ ನೋಡಿಕೊಳ್ಳಬಹುದು.

ಈಗ ಜೆ.ಜಿ. ಹಳ್ಳಿಗೆ ಬರೋಣ. ಅಲ್ಲಿ ನೆಂಟರ ಮನೆ ಇದ್ದರೆ ನೀವು ಅದೃಷ್ಟವಂತರು. ಯಾಕೆಂದರೆ ಬಾಕಿ ಇರುವ ಮಾನಿಟರ್‌ಗಳು ಮುಗಿಯಲು ಕಾರನ್ನು ಒಂದು ಕ್ರಮದಲ್ಲಿ ಓಡಿಸಬೇಕು, ಆ ಓಟ ಶುರುವಾಗುವುದು ತಣ್ಣನೆಯ ಇಂಜಿನ್ನಿನಿಂದ. ರಾತ್ರಿಯಿಡೀ ನಿಂತ ಕಾರು, ಕೂಲೆಂಟಿನ ಉಷ್ಣತೆಯೂ ಹೊರಗಿನ ಗಾಳಿಯದೂ ಹತ್ತಿರ ಹತ್ತಿರ ಇರುವ ಹೊತ್ತು. ಟ್ಯಾಂಕ್ ತೀರಾ ಖಾಲಿಯೂ ಬೇಡ, ತುಂಬಿ ತುಳುಕುವುದೂ ಬೇಡ. ಸ್ಟಾರ್ಟ್ ಮಾಡಿ ಎರಡು-ಮೂರು ನಿಮಿಷ ಸುಮ್ಮನೆ ಬಿಡಿ. ನಮ್ಮಲ್ಲಿ ಬೆಳಿಗ್ಗೆ ಇಂಜಿನ್ ಎಚ್ಚರವಾಗುವ ಮೊದಲೇ ರೇಸ್ ಕೊಡುವ ಚಟ ಇದೆ, ಅದು ಬೇಡ. ಸೆನ್ಸರಿನ ಹೀಟರ್ ತನ್ನ ಕೆಲಸ ತೋರಿಸುವುದು ಈ ಹೊತ್ತಿನಲ್ಲೇ.

ಸರ್ವಿಸ್ ರಸ್ತೆಯಿಂದ ಮೇಲೇರಿ ಹಿರಿಯೂರಿನ ಕಡೆ ತಿರುಗಿಸಿ. ನಿಧಾನವಾಗಿ 80–85ಕ್ಕೆ ತಂದು ಟಾಪ್ ಗೇರ್‌ನಲ್ಲಿ ಕಾಲು ಅಲುಗಿಸದೆ ಹಿಡಿಯಿರಿ. ಆದಿವಾಲ ಬರುವ ತನಕ ಯಾರನ್ನೂ ಹಿಂದೆ ಹಾಕುವ ಆಸೆ ಇಟ್ಟುಕೊಳ್ಳಬೇಡಿ. ಕನ್ವರ್ಟರಿನ ಮುಂದೊಂದು, ಹಿಂದೊಂದು ಆಕ್ಸಿಜನ್ ಸೆನ್ಸರ್ ಇರುತ್ತದೆ. ಮುಂದಿನದು ಏರಿಳಿಯುತ್ತಿರಬೇಕು, ಹಿಂದಿನದು ಶಾಂತವಾಗಿರಬೇಕು. ಹಿಂದಿನದೂ ಮುಂದಿನದರ ತಾಳಕ್ಕೆ ಕುಣಿಯತೊಡಗಿದರೆ ಕನ್ವರ್ಟರ್ ಮುಗಿಯುತ್ತ ಬಂದಿದೆ ಎಂದು ಕಂಪ್ಯೂಟರು ತೀರ್ಮಾನಿಸುತ್ತದೆ. ಈ ಹೋಲಿಕೆಗೆ ವೇಗ ಸ್ಥಿರವಾಗಿರಬೇಕು. ಬೆಂಗಳೂರಿನ ಗೊರಗುಂಟೆಪಾಳ್ಯದಲ್ಲಿ ಮೊದಲನೇ ಗೇರ್‌ನಲ್ಲಿ ತೆವಳುವ ಕಾರಿಗೆ ಆ ಭಾಗ್ಯ ಎಲ್ಲಿಂದ ಬರಬೇಕು? ಅಲ್ಲಿ ವಾರಗಟ್ಟಲೆ ಓಡಿಸಿದರೂ ಕ್ಯಾಟಲಿಸ್ಟ್ ಮಾನಿಟರ್ ಬಾಕಿಯೇ ಉಳಿಯುವುದುಂಟು.

ನಂತರದ್ದು ಬಹಳ ಜನ ಮರೆಯುವ ಭಾಗ. ಹಿಂದೆ ಲಾರಿ, ಬಸ್ಸು ಇಲ್ಲವೆಂದು ಕನ್ನಡಿಯಲ್ಲಿ ಖಚಿತ ಮಾಡಿಕೊಂಡು, ಗೇರಿನಲ್ಲೇ ಇಟ್ಟು, ಬ್ರೇಕ್ ಮುಟ್ಟದೆ, ಕ್ಲಚ್ ತುಳಿಯದೆ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ವೇಗ 40ರ ಸುತ್ತ ಇಳಿಯಲಿ. ಇದಕ್ಕೆ ಹಿರಿಯೂರು ಊರೊಳಗೆ ತಿರುಗುವ ಸರ್ವಿಸ್ ರಸ್ತೆಯೇ ವಾಸಿ, ಹೆದ್ದಾರಿಯ ನಡು ಲೇನಿನಲ್ಲಿ ಇದು ಬೇಡವೇ ಬೇಡ. ಹೀಗೆ ಬಿಟ್ಟಾಗ ಇಂಜಿನ್ನಿಗೆ ಪೆಟ್ರೋಲ್ ನಿಲ್ಲುತ್ತದೆ, ಸೆನ್ಸರ್ ಎಷ್ಟು ಚುರುಕಾಗಿ ಅದನ್ನು ಗುರುತಿಸಿತು ಎಂದು ಕಂಪ್ಯೂಟರು ನೋಡಿಕೊಳ್ಳುತ್ತದೆ. ಊರಲ್ಲಿ ಎರಡು ನಿಮಿಷ ಐಡ್ಲಿಂಗ್, ಒಂದು ಕಾಫಿ, ವಾಪಸ್ ಅದೇ ದಾರಿ. ಕೆಲವು ಕಾರುಗಳಿಗೆ ಇನ್ನೊಂದು ಬೆಳಗಿನ ತಣ್ಣನೆ ಸ್ಟಾರ್ಟು ಬೇಕಾಗುತ್ತದೆ. ಹಿರಿಯೂರು ದಾಟಿ ಗುಯಿಲಾಳು ಟೋಲ್‌ವರೆಗೆ ಹೋಗಿ ದುಡ್ಡು ಕಳೆಯುವ ಅಗತ್ಯವಂತೂ ಇಲ್ಲ.

ಆ್ಯಪ್‌ನಲ್ಲಿ ಕೆಲವು ಸಾಲಿನೆದುರು ‘ಎನ್‌ಎ’ ಎಂದಿದ್ದರೆ ಗಾಬರಿ ಬೇಡ. ನಮ್ಮ ಭಾರತ್ ಸ್ಟೇಜ್ ನಿಯಮಗಳು ಯುರೋಪಿನ ಮಾದರಿಯವು, ಅಮೆರಿಕದ ಕಾರಿನಲ್ಲಿರುವ ಎಲ್ಲ ಮಾನಿಟರ್‌ಗಳೂ ನಮ್ಮವಲ್ಲಿ ಇರುವುದಿಲ್ಲ.

ಬಿಎಸ್-6 ಡೀಸೆಲ್ ಇಟ್ಟುಕೊಂಡವರಿಗೆ ಈ ರಸ್ತೆ ಇನ್ನೂ ಹೆಚ್ಚು ಬೇಕು. ಅವುಗಳ ಡಿಪಿಎಫ್‌ನಲ್ಲಿ, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರಿನಲ್ಲಿ, ಕೂತ ಮಸಿ ಸುಟ್ಟುಹೋಗಲು 600 ಡಿಗ್ರಿಯ ಆಸುಪಾಸಿನ ಶಾಖ, ಅಷ್ಟು ಶಾಖಕ್ಕೆ ಬಿಡುವಿಲ್ಲದ ಓಟ ಬೇಕು. ಮನೆ, ಶಾಲೆ, ಮಂಡಿ ಎಂದು ಎರಡೆರಡು ಕಿಲೋಮೀಟರ್ ಓಡಿಸುವವರು ಡೀಸೆಲ್ ಕೊಂಡದ್ದೇ ತಪ್ಪು. ಈ ಮಾತಿಗೆ ಕೋಪ ಬಂದರೂ ನಾನು ಬದಲಿಸುವುದಿಲ್ಲ.

ಕೊನೆಗೆ, ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲು ಹೊರಟವರಿಗೆ ಒಂದು ಮಾತು. ಮಾರುವವರು ಹೊಸ ಎಮಿಷನ್ ಸರ್ಟಿಫಿಕೇಟ್ ತೋರಿಸುತ್ತಾರೆ, ಲೈಟೂ ಹತ್ತಿರುವುದಿಲ್ಲ. ನೀವು ಡಾಂಗಲ್ ಚುಚ್ಚಿ ‘ಕೋಡ್ ಅಳಿಸಿದ ಮೇಲೆ ಓಡಿದ ದೂರ’ ಎಂಬ ಸಾಲನ್ನು ಹುಡುಕಿ. ಅದು ಹತ್ತಿಪ್ಪತ್ತು ಕಿಲೋಮೀಟರ್ ತೋರಿಸಿ, ಮಾನಿಟರ್‌ಗಳೂ ಬಾಕಿ ಇದ್ದರೆ ಅಡ್ವಾನ್ಸ್ ಕೊಡಬೇಡಿ. ಒಂದು ಬೆಳಿಗ್ಗೆ ತಣ್ಣನೆ ಸ್ಟಾರ್ಟಿನಿಂದ ಒಳ್ಳೆಯ ರಸ್ತೆಯಲ್ಲಿ ಓಡಿಸಿ ತೋರಿಸಿ ಅನ್ನಿ. ಒಪ್ಪದಿದ್ದರೆ ಬೇರೆ ಕಾರು ನೋಡಿ.